ಗಡಿ ದಾಟಿಸಿದ ಮಕ್ಕಳು

ಲೇಖಕಿ ಕ್ಯಾರೊಲಿನ್ ನಾರ್ಟನ್ ಅವರ ಮೂವರು ಗಂಡುಮಕ್ಕಳನ್ನು 1836ರಲ್ಲಿ ಗಂಡ ಜಾರ್ಜ್ ತಾಯಿಯಿಂದ ದೂರ ಮಾಡಿದ. ಆಮೇಲೆ ಸ್ಕಾಟ್ಲೆಂಡಿನ ತನ್ನ ಸೋದರಿಯ ಮನೆಗೆ ಕಳಿಸಿಬಿಟ್ಟ. ಇಂಗ್ಲೆಂಡಿನ ಅಂದಿನ ಕಾನೂನಿನಲ್ಲಿ ಮಕ್ಕಳು ತಂದೆಯ ಸೊತ್ತಿದ್ದಂತೆ. ಮದುವೆ ಊರ್ಜಿತವಾಗಿದ್ದರೂ ಹೆತ್ತವಳು ಅವರ ಮುಖ ನೋಡಲು ಗಂಡ ಮನಸ್ಸು ಮಾಡಬೇಕಿತ್ತು. ಕ್ಯಾರೊಲಿನ್ ಕರಪತ್ರಗಳನ್ನು ಬರೆದು ಹಂಚಿದರು, ಸಂಸದ ಥಾಮಸ್ ಟಾಲ್ಫೋರ್ಡ್ ಮಸೂದೆ ಮಂಡಿಸಿದರು, 1839ರಲ್ಲಿ ಕಾಯ್ದೆ ಬಂತು. ಏಳು ವರ್ಷದೊಳಗಿನ ಮಕ್ಕಳ ಸುಪರ್ದಿಗೆ, ದೊಡ್ಡ ಮಕ್ಕಳ ಭೇಟಿಗೆ ತಾಯಿ ಕೋರ್ಟಿನ ಮೊರೆ ಹೋಗಬಹುದಾಯಿತು. ಆದರೆ ಸ್ಕಾಟ್ಲೆಂಡಿಗೆ ಆ ಕಾಯ್ದೆ ಅನ್ವಯಿಸುತ್ತಿರಲಿಲ್ಲ. ಯಾರ ಸಂಕಟದಿಂದ ಅದು ಹುಟ್ಟಿತೋ ಅವರಿಗೇ ದಕ್ಕಲಿಲ್ಲ. 1842ರಲ್ಲಿ ಕಿರಿಯ ಮಗ ವಿಲಿಯಂ ಕುದುರೆಯಿಂದ ಬಿದ್ದು ಗಾಯ ನಂಜೇರಿತು. ತಾಯಿ ಬರುವಷ್ಟರಲ್ಲಿ ಜೀವ ಹೋಗಿತ್ತು.

ಭೇಟಿಯ ಹಕ್ಕು ಕೊಟ್ಟ ಕಾನೂನು ದೂರವನ್ನು ಅಂಕೆಯಲ್ಲಿಡದಿದ್ದರೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಇದು ನಮ್ಮ ಶಾಸಕರಿಗೆ ತಿಳಿಯದ್ದೇನಲ್ಲ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 26ನೇ ಕಲಮಿನ ಪ್ರಕಾರ, ಕೋರ್ಟು ನೇಮಿಸಿದ ಪೋಷಕ ಅನುಮತಿಯಿಲ್ಲದೆ ಮಗುವನ್ನು ಆ ಕೋರ್ಟಿನ ವ್ಯಾಪ್ತಿಯಾಚೆ ಒಯ್ಯುವಂತಿಲ್ಲ. ಆದರೆ ಇನ್ನೂ ಕೋರ್ಟಿನ ಮೆಟ್ಟಿಲು ಹತ್ತದ ಗಂಡ ಹೆಂಡಿರಿಗೆ ಈ ಕಟ್ಟು ಇಲ್ಲ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದ 1956ರ ಹಿಂದೂ ಅಪ್ರಾಪ್ತವಯಸ್ಕರ ಕಾಯ್ದೆಯೂ ಊರು ಬಿಡುವ ವಿಚಾರ ಎತ್ತಲಿಲ್ಲ. ಗಡಿ ದಾಟಿಸಿದ ಮಕ್ಕಳನ್ನು ಮರಳಿಸುವ 1980ರ ಹೇಗ್ ಒಪ್ಪಂದಕ್ಕಂತೂ ಭಾರತ ಸೇರಿಲ್ಲ.

ಸೇರದಿರಲು ಬಲವಾದ ಕಾರಣವೂ ಇದೆ. ಅಮೆರಿಕದಲ್ಲಿ ಗಂಡನ ಹೊಡೆತ ತಾಳಲಾರದೆ ಮಗುವನ್ನೆತ್ತಿಕೊಂಡು ಬೆಂಗಳೂರಿನ ತವರಿಗೆ ಬಂದವಳನ್ನು ಅಪಹರಣಕಾರಳೆನ್ನುವುದು ಕ್ರೌರ್ಯ. ಹೊಟ್ಟೆಪಾಡಿಗೆ ಊರು ಬದಲಿಸುವವರನ್ನು ಕಟ್ಟಿಹಾಕುವುದೂ ಸಲ್ಲದು. ನಾನು ಕೇಳುತ್ತಿರುವುದು ನಿಷೇಧವನ್ನಲ್ಲ, ಹೊರಡುವ ಮೊದಲೇ ವಿಚಾರಣೆಯನ್ನು. ಪ್ರಾಣಭಯವಿದ್ದಲ್ಲಿ ಅದಕ್ಕೂ ವಿನಾಯಿತಿ ಇರಲಿ. ವಿಡಿಯೊ ಕರೆ ಸಾಲದೇ ಎನ್ನುವವರಿದ್ದಾರೆ. 2020ರ ಯಶಿತಾ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅಂಥ ಕರೆಗೆ ಮನ್ನಣೆ ಕೊಟ್ಟಿತು ನಿಜ; ಜೊತೆಗೆ, ಮಗುವನ್ನು ಇಟ್ಟುಕೊಳ್ಳದ ಪೋಷಕರಿಗೆ ಸಾಕಷ್ಟು ಭೇಟಿ ಸಿಗಬೇಕೆಂದೂ ಹೇಳಿತು. ಮೂರು ವರ್ಷದ ಕೂಸು ಪರದೆಯ ಮುಂದೆ ಐದು ನಿಮಿಷವೂ ಕೂರದು. ಹಾಗಾಗಿ ಸ್ಥಳಾಂತರಕ್ಕೆ ಒಪ್ಪಿಗೆ ಕೊಡುವ ಆದೇಶದಲ್ಲೇ ಬೇಸಿಗೆ, ದಸರಾ ರಜೆಗಳಲ್ಲಿ ಮಗು ಯಾರ ಬಳಿ, ಕರೆತರುವವರು ಯಾರು, ಟಿಕೆಟ್ಟಿನ ಹಣ ಯಾರದು ಎಂಬುದು ಬರೆದಿರಬೇಕು. ಖರ್ಚಿನ ದೊಡ್ಡ ಪಾಲು, ಶಕ್ತಿ ಇರುವಲ್ಲಿ, ದೂರ ಹೋದವರದೇ ಆಗಬೇಕು.