ಕೈತೋಟದಲ್ಲಿ ಕೊಟ್ಟಿಗೆ ಗೊಬ್ಬರ ಹಾಗೂ ಕಾಂಪೋಸ್ಟ್ ಗೊಬ್ಬರದ ಸುರಕ್ಷಿತ ಬಳಕೆ

ಮನೆಯ ಹಿತ್ತಿಲಿನಲ್ಲಿ, ತಾರಸಿಯ ಮೇಲೆ ಅಥವಾ ಕುಂಡಗಳಲ್ಲಿ ತರಕಾರಿ ಬೆಳೆಯುವ ಸಾರ್ವಜನಿಕರು ಕೊಟ್ಟಿಗೆ ಗೊಬ್ಬರ, ಕುರಿ ಗೊಬ್ಬರ, ಕೋಳಿ ಗೊಬ್ಬರ, ಎರೆಹುಳು ಗೊಬ್ಬರ ಹಾಗೂ ಅಡುಗೆಮನೆಯ ತ್ಯಾಜ್ಯದ ಕಾಂಪೋಸ್ಟನ್ನು ಬಳಸುವುದು ರೂಢಿಯಲ್ಲಿದೆ. ಇವು ಮಣ್ಣನ್ನು ಸಡಿಲಗೊಳಿಸಿ, ಅದರ ತೇವಾಂಶ ಹಿಡಿದಿಡುವ ಶಕ್ತಿಯನ್ನು ಹೆಚ್ಚಿಸುತ್ತವೆ. ಆದರೆ ಸಾವಯವ ಎಂಬ ಒಂದೇ ಕಾರಣದಿಂದ ಯಾವ ಗೊಬ್ಬರವೂ ನಿರಪಾಯಕಾರಿ ಆಗುವುದಿಲ್ಲ. ಹಸಿ ಸಗಣಿ ಮತ್ತು ಕೋಳಿ ಹಿಕ್ಕೆಯಲ್ಲಿ ಇ. ಕೋಲೈ, ಸಾಲ್ಮೊನೆಲ್ಲಾ ಮುಂತಾದ ರೋಗಕಾರಕ ಬ್ಯಾಕ್ಟೀರಿಯಾಗಳು ಇರುವ ಸಾಧ್ಯತೆ ಇದೆ.

ಬೇಯಿಸಿ ತಿನ್ನುವ ಬದನೆ, ಹುರುಳಿಕಾಯಿ, ದಂಟಿನ ಸೊಪ್ಪುಗಳಲ್ಲಿ ಈ ಅಪಾಯವು ಬಹುಮಟ್ಟಿಗೆ ಒಲೆಯ ಮೇಲೆಯೇ ನಿವಾರಣೆಯಾಗುತ್ತದೆ. ಕೋಸಂಬರಿಗೆ ಬಳಸುವ ಸೌತೆಕಾಯಿ ಮತ್ತು ಕ್ಯಾರೆಟ್, ಹಸಿಯಾಗಿ ತಿನ್ನುವ ಮೂಲಂಗಿ ಮತ್ತು ಈರುಳ್ಳಿ, ಸಾರು ಇಳಿಸಿದ ಮೇಲೆ ಉದುರಿಸುವ ಕೊತ್ತಂಬರಿ ಸೊಪ್ಪುಗಳಿಗೆ ಈ ರಕ್ಷಣೆ ಇರುವುದಿಲ್ಲ. ಹರಿಯುವ ನೀರಿನಲ್ಲಿ ತೊಳೆಯುವುದು ಅಗತ್ಯವಾದರೂ, ಎಲೆಯ ಮಡಿಕೆಗಳಲ್ಲಿ ಅಂಟಿದ ರೋಗಾಣುಗಳು ಅದರಿಂದ ಪೂರ್ಣವಾಗಿ ಹೋಗುವುದಿಲ್ಲ. ಆದ್ದರಿಂದ ಎಚ್ಚರಿಕೆಯು ಪಾತಿಯಲ್ಲಿಯೇ ಆರಂಭವಾಗತಕ್ಕದ್ದು. ಚಿಕ್ಕ ಮಕ್ಕಳು, ಗರ್ಭಿಣಿಯರು ಮತ್ತು ವಯೋವೃದ್ಧರು ಇರುವ ಮನೆಗಳಲ್ಲಿ ಇದು ಇನ್ನೂ ಮುಖ್ಯ.

ಹಸಿ ಗೊಬ್ಬರ ಮತ್ತು ಕೊಯ್ಲಿನ ನಡುವಿನ ಅಂತರ

ಕಳಿಯದ ಗೊಬ್ಬರವನ್ನು ಬಳಸುವುದಾದರೆ ಅದನ್ನು ಮಣ್ಣಿಗೆ ಸೇರಿಸಿದ ದಿನದಿಂದ ಕೊಯ್ಲಿನವರೆಗೆ ಸಾಕಷ್ಟು ಕಾಲ ಕಳೆಯಬೇಕು. ಅಮೆರಿಕದ ಸಾವಯವ ಕೃಷಿ ನಿಯಮಗಳಲ್ಲಿ, ತಿನ್ನುವ ಭಾಗವು ಮಣ್ಣನ್ನು ತಾಗುವ ಬೆಳೆಗಳಿಗೆ 120 ದಿನ ಹಾಗೂ ತಾಗದ ಬೆಳೆಗಳಿಗೆ 90 ದಿನಗಳ ಅಂತರವನ್ನು ನಿಗದಿಪಡಿಸಲಾಗಿದೆ. ಇದು ವಾಣಿಜ್ಯ ಬೆಳೆಗಾರರಿಗೆ ವಿಧಿಸಿದ ನಿಯಮವಾದರೂ ಕೈತೋಟಕ್ಕೂ ಉತ್ತಮ ಅಳತೆಗೋಲಾಗಿದೆ.

ಉದಾಹರಣೆಗೆ, ಕೊತ್ತಂಬರಿ ಸೊಪ್ಪು ಬಿತ್ತಿದ ಸುಮಾರು 45 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ಅಂದರೆ ಹಸಿ ಸಗಣಿಯನ್ನು ಬಿತ್ತನೆಗೆ 75 ದಿನ ಮೊದಲೇ ಮಣ್ಣಿಗೆ ಸೇರಿಸಿರಬೇಕಾಗುತ್ತದೆ. ವರ್ಷವಿಡೀ ಒಂದರ ಹಿಂದೆ ಒಂದು ಬೆಳೆ ತೆಗೆಯುವ ಸಣ್ಣ ಕೈತೋಟದಲ್ಲಿ ಇದು ಪ್ರಾಯೋಗಿಕವಲ್ಲ. ಸೊಪ್ಪು ಮತ್ತು ಗೆಡ್ಡೆ ತರಕಾರಿಗಳ ಮಡಿಗೆ ಹಸಿ ಗೊಬ್ಬರವನ್ನು ಹಾಕದಿರುವುದೇ ಸರಳವಾದ ಮಾರ್ಗ. ಬೆಳೆದು ನಿಂತ ಬೆಳೆಗೆ ಮೇಲುಗೊಬ್ಬರವಾಗಿ ಹಸಿ ಸಗಣಿ ಹಾಕುವುದನ್ನು, ಸಗಣಿ ಕದಡಿದ ನೀರನ್ನು ಹಸಿಯಾಗಿ ತಿನ್ನುವ ಸೊಪ್ಪಿನ ಎಲೆಗಳ ಮೇಲೆ ಸಿಂಪಡಿಸುವುದನ್ನು ಸಂಪೂರ್ಣವಾಗಿ ಕೈಬಿಡಬೇಕು. ಜೀವಾಮೃತ ಮತ್ತು ಬಯೋಗ್ಯಾಸ್ ಬಗ್ಗಡವನ್ನು ಬುಡಕ್ಕೆ ಮಾತ್ರ ಕೊಡತಕ್ಕದ್ದು. ಇವೂ ಶಾಖದಿಂದ ಶುದ್ಧಿಯಾದ ಪದಾರ್ಥಗಳಲ್ಲವಾದ್ದರಿಂದ ಮೇಲಿನ ಅಂತರವನ್ನು ಇವುಗಳಿಗೂ ಅನ್ವಯಿಸುವುದು ಕ್ಷೇಮ.

ಗೊಬ್ಬರ ಕಳಿಯುವ ಬಗೆ

ಕಾಂಪೋಸ್ಟ್ ರಾಶಿಯಲ್ಲಿ ಸೂಕ್ಷ್ಮಜೀವಿಗಳ ಚಟುವಟಿಕೆಯಿಂದ ಶಾಖ ಹುಟ್ಟುತ್ತದೆ. ರಾಶಿಯ ಒಳಭಾಗವು 55 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿನ ಶಾಖದಲ್ಲಿ ಕೆಲವು ದಿನ ಉಳಿದರೆ ಬಹುತೇಕ ರೋಗಾಣುಗಳು ಹಾಗೂ ಕಳೆ ಬೀಜಗಳು ನಾಶವಾಗುತ್ತವೆ. ತೆರೆದ ರಾಶಿಯ ಹೊರಪದರವು ತಣ್ಣಗೇ ಇರುವುದರಿಂದ ಅದನ್ನು ಮಗುಚಿ, ಹೊರಗಿನದನ್ನು ಒಳಗೆ ಹಾಕಬೇಕು. ಇದೇ ಕಾರಣದಿಂದ ಮೇಲೆ ಹೇಳಿದ ನಿಯಮಗಳಲ್ಲಿ ತೆರೆದ ರಾಶಿಗೆ 15 ದಿನಗಳ ಶಾಖ ಮತ್ತು ಆ ಅವಧಿಯಲ್ಲಿ 5 ಬಾರಿ ಮಗುಚುವುದನ್ನು ಸೂಚಿಸಲಾಗಿದೆ. ಕಬ್ಬಿಣದ ಸರಳನ್ನು ರಾಶಿಯ ನಡುವೆ ಹತ್ತು ನಿಮಿಷ ಚುಚ್ಚಿಟ್ಟು ಹೊರತೆಗೆದಾಗ ಅದರ ತುದಿಯನ್ನು ಹಿಡಿಯಲಾಗದಷ್ಟು ಬಿಸಿಯಿದ್ದರೆ ರಾಶಿ ಸರಿಯಾಗಿ ಕಾದಿದೆ ಎಂದು ಸ್ಥೂಲವಾಗಿ ತಿಳಿಯಬಹುದು.

ಇಲ್ಲಿ ಒಂದು ತೊಡಕು ಇದೆ. ಸುಮಾರು ಒಂದು ಮೀಟರ್ ಉದ್ದ, ಅಗಲ ಮತ್ತು ಎತ್ತರಕ್ಕಿಂತ ಚಿಕ್ಕದಾದ ರಾಶಿಯಲ್ಲಿ ಶಾಖ ನಿಲ್ಲುವುದು ಕಷ್ಟ. ಅಪಾರ್ಟ್‌ಮೆಂಟ್‌ಗಳಲ್ಲಿ ಬಳಸುವ ಮಣ್ಣಿನ ಮಡಕೆ ಮತ್ತು ಪ್ಲಾಸ್ಟಿಕ್ ಡಬ್ಬಿಗಳು ಇಷ್ಟು ಬಿಸಿಯಾಗುವುದು ಅಪರೂಪ. ಅವುಗಳಿಗೆ ತರಕಾರಿ ಸಿಪ್ಪೆ, ಹೂವು, ಒಣ ಎಲೆಗಳನ್ನು ಮಾತ್ರ ಹಾಕಿದರೆ ಚಿಂತೆಯಿಲ್ಲ. ಅವುಗಳಲ್ಲಿ ಸಗಣಿ ಅಥವಾ ಕೋಳಿ ಹಿಕ್ಕೆಯನ್ನು ಬೆರೆಸಿ, ಕಪ್ಪಗಾದ ಕೂಡಲೇ ಸುರಕ್ಷಿತವಾಯಿತೆಂದು ತಿಳಿಯಬಾರದು. ಎರೆಹುಳು ಗೊಬ್ಬರಕ್ಕೂ ಇದು ಅನ್ವಯಿಸುತ್ತದೆ. ಎರೆಹುಳುಗಳು ಹೆಚ್ಚಿನ ಶಾಖವನ್ನು ತಾಳುವುದಿಲ್ಲವಾದ್ದರಿಂದ, ಸಗಣಿಯನ್ನು ಮೊದಲು ರಾಶಿ ಹಾಕಿ ಕಾಯಿಸಿ, ಆರಿದ ಮೇಲೆ ತೊಟ್ಟಿಗೆ ಹಾಕತಕ್ಕದ್ದು.

ಶಾಖ ಸಾಲದಿದ್ದಲ್ಲಿ ಹೆಚ್ಚು ಕಾಲ ಕಾಯಬೇಕು. 1920ರ ದಶಕದಲ್ಲಿ ಆಲ್ಬರ್ಟ್ ಹೊವಾರ್ಡ್ ಅವರು ರೂಪಿಸಿದ ಇಂದೋರ್ ವಿಧಾನದಲ್ಲಿ ರಾಶಿಯನ್ನು ಆಗಾಗ ಮಗುಚುವುದರಿಂದ ಗೊಬ್ಬರ 3ರಿಂದ 4 ತಿಂಗಳಲ್ಲಿ ಸಿದ್ಧವಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯ ಅವರು ರೂಪಿಸಿದ ಬೆಂಗಳೂರು ವಿಧಾನದಲ್ಲಿ ಗುಂಡಿಯನ್ನು ಮಣ್ಣಿನಿಂದ ಮುಚ್ಚಿ ಬಿಡಲಾಗುತ್ತದೆ. ಮಗುಚುವ ಶ್ರಮವಿಲ್ಲ, ಆದರೆ 6ರಿಂದ 8 ತಿಂಗಳು ಹಿಡಿಯುತ್ತದೆ. ಈ ಅವಧಿ ತುಂಬುವ ಮೊದಲೇ ಗುಂಡಿ ತೆರೆಯುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು.

ಚೆನ್ನಾಗಿ ಕಳಿತ ಗೊಬ್ಬರವು ಕಡುಕಂದು ಬಣ್ಣದ್ದಾಗಿ, ಪುಡಿಪುಡಿಯಾಗಿ, ಮಣ್ಣಿನ ವಾಸನೆ ಹೊಂದಿರುತ್ತದೆ. ಸಂದೇಹವಿದ್ದಲ್ಲಿ ಒಂದು ಹಿಡಿ ಗೊಬ್ಬರವನ್ನು ತೇವ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಇಟ್ಟು ತೆರೆಯಬೇಕು. ದುರ್ವಾಸನೆ ಅಥವಾ ಮೂಗಿಗೆ ಅಡರುವ ಅಮೋನಿಯಾ ವಾಸನೆ ಬಂದರೆ ಇನ್ನೂ ಕಳಿತಿಲ್ಲವೆಂದು ಅರ್ಥ. ಈ ಪರೀಕ್ಷೆಯು ಗೊಬ್ಬರ ಕಳಿತಿರುವುದನ್ನು ಮಾತ್ರ ತೋರಿಸುತ್ತದೆ, ರೋಗಾಣುಗಳಿಲ್ಲವೆಂಬುದನ್ನಲ್ಲ.

ನಾಯಿ, ಬೆಕ್ಕು, ಹಂದಿ ಹಾಗೂ ಮನುಷ್ಯರ ಮಲವನ್ನು, ಮಕ್ಕಳ ಡೈಪರ್‌ಗಳನ್ನು ಕೈತೋಟದ ಕಾಂಪೋಸ್ಟ್‌ಗೆ ಯಾವ ಕಾರಣಕ್ಕೂ ಸೇರಿಸಬಾರದು. ದುಂಡುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲವು. ಗುಂಡಿಯು ಬಾವಿ ಮತ್ತು ಕೊಳವೆಬಾವಿಗಳಿಂದ ದೂರದಲ್ಲಿ, ಇಳಿಜಾರಿನ ಕೆಳಭಾಗದಲ್ಲಿರಬೇಕು.

ಪ್ರಮಾಣ ಮತ್ತು ಖರೀದಿ

ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇ. 0.5ರಷ್ಟಿದ್ದರೆ, ಕೋಳಿ ಗೊಬ್ಬರದಲ್ಲಿ ಸುಮಾರು ಶೇ. 3ರಷ್ಟಿರುತ್ತದೆ. ಒಂದು ಚದರ ಮೀಟರ್ ಮಡಿಗೆ ಕಳಿತ ಕೊಟ್ಟಿಗೆ ಗೊಬ್ಬರ 2.5 ಕಿ.ಗ್ರಾಂ ಸೂಕ್ತ, ಕೋಳಿ ಗೊಬ್ಬರವನ್ನು ಅದೇ ಲೆಕ್ಕದಲ್ಲಿ ಸುರಿದರೆ ಸಸಿಗಳು ಸುಟ್ಟಂತಾಗುತ್ತವೆ, 400 ಗ್ರಾಂ ಸಾಕು. ಟ್ರ್ಯಾಕ್ಟರ್‌ನಲ್ಲಿ ತಂದು ಮಾರುವ ಗೊಬ್ಬರ ಅನೇಕ ವೇಳೆ ಅರೆಕಳಿತದ್ದಾಗಿದ್ದು, ಅದರಲ್ಲಿ ಗಾಜಿನ ಚೂರು ಮತ್ತು ಗೊಣ್ಣೆಹುಳುಗಳಿರುವುದುಂಟು. ಇಂತಹುದನ್ನು ಜರಡಿ ಹಿಡಿದು, ತೇವ ಮಾಡಿ, ಮುಚ್ಚಿ, ಪುನಃ ಕೆಲವು ತಿಂಗಳು ಕಳಿಸಬೇಕು. ಚೀಲದಲ್ಲಿ ಮಾರುವ ಸಾವಯವ ಗೊಬ್ಬರಗಳಿಗೆ ರಸಗೊಬ್ಬರ (ನಿಯಂತ್ರಣ) ಆದೇಶ, 1985ರ ಅಡಿಯಲ್ಲಿ ಗುಣಮಟ್ಟವನ್ನು, ಸೀಸ, ಕ್ಯಾಡ್ಮಿಯಂ ಮುಂತಾದ ಭಾರಲೋಹಗಳ ಮಿತಿಯನ್ನೂ ಒಳಗೊಂಡು, ನಿಗದಿಪಡಿಸಲಾಗಿದೆ. ಚೀಲದ ಮೇಲೆ ತಯಾರಕರ ಹೆಸರು ಹಾಗೂ ವಿಳಾಸವಿಲ್ಲದಿದ್ದರೆ ಖರೀದಿಸದಿರುವುದು ಒಳಿತು.

ಗೊಬ್ಬರದ ಕೆಲಸ ಮಾಡುವಾಗ ಕೈಗವಸು ಮತ್ತು ಪಾದರಕ್ಷೆ ಧರಿಸಬೇಕು. ಒಣ ಗೊಬ್ಬರಕ್ಕೆ ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ. ಗೊಬ್ಬರ ತುಂಬಿದ ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣು ಇರುವ ಸಂಭವವಿರುವುದರಿಂದ, ಗಾಯವಾದಲ್ಲಿ ಸೋಪಿನಿಂದ ತೊಳೆದು, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆಯ ಬಗ್ಗೆ ವಿಚಾರಿಸತಕ್ಕದ್ದು. ಹಸಿ ಗೊಬ್ಬರಕ್ಕೆ ಬಳಸಿದ ಸಲಿಕೆ ಮತ್ತು ಬುಟ್ಟಿಯನ್ನು ತೊಳೆಯದೆ ಕಳಿತ ಗೊಬ್ಬರಕ್ಕೆ ಬಳಸಬಾರದು.

ಮಣ್ಣು ಪರೀಕ್ಷೆ ಹಾಗೂ ತಾಂತ್ರಿಕ ಸಲಹೆಗಾಗಿ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರವನ್ನು ಅಥವಾ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಬಹುದು. ಕಿಸಾನ್ ಕಾಲ್ ಸೆಂಟರ್‌ನ ಶುಲ್ಕರಹಿತ ದೂರವಾಣಿ 1800-180-1551ರಲ್ಲಿ ಕನ್ನಡದಲ್ಲಿಯೂ ಮಾಹಿತಿ ದೊರೆಯುತ್ತದೆ.