ಓದುಕೋಣೆಯಲ್ಲಿ ಕಲಿತ ಲಿಪಿ: ಹೊಸಪೇಟೆಯಿಂದ ವಿರೂಪಾಕ್ಷನ ಶಾಸನದವರೆಗೆ

ಕಲಬುರಗಿ ಜಿಲ್ಲೆಯ ನಾಗಾವಿಯ ಕ್ರಿ.ಶ. 1058ರ ಶಾಸನ ಈ ಬಳಗದ ಓದುಗರಿಗೆ ಹೊಸದಲ್ಲ. ಚಾಳುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದ್ದು. ಅಲ್ಲಿನ ಘಟಿಕಾಸ್ಥಾನದಲ್ಲಿ ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು 52 ಮಂದಿ, ಅವರಿಗೆ ಆರು ಜನ ಉಪಾಧ್ಯಾಯರು. ಅದರ ಜತೆಗೇ ಆರು ಜನ ಸರಸ್ವತೀ ಭಂಡಾರಿಗರು, ಅಂದ್ರೆ ಗ್ರಂಥಪಾಲಕರು. ಪಾಠ ಹೇಳುವವರು ಎಷ್ಟೋ ಪುಸ್ತಕ ಕಾಯುವವರೂ ಅಷ್ಟೇ! ಈಗಿನ ಯಾವ ಕಾಲೇಜಿನಲ್ಲಿ ಈ ಲೆಕ್ಕ ಸಿಕ್ಕೀತು?

ನನಗೆ ಘಟಿಕಾಸ್ಥಾನ ಸಿಗಲಿಲ್ಲ. ಇತಿಹಾಸದಲ್ಲಿ ಪದವಿಯೂ ಇಲ್ಲ. ಹೊಸಪೇಟೆಯಲ್ಲಿ ಇದ್ದುಕೊಂಡು, ಹಂಪಿಗೆ ಬಂದ ನೆಂಟರಿಗೆಲ್ಲ ಗುಡಿ ತೋರಿಸಿಕೊಂಡು, ಅಲ್ಲಿನ ಒಂದು ಕಲ್ಲನ್ನೂ ಓದಲಾಗದೆ ಇರುವುದು ಮನಸ್ಸಿಗೆ ಕಿರಿಕಿರಿ ಆಗಿತ್ತು. ಗೈಡುಗಳು ಹೇಳಿದ್ದನ್ನೇ ನಾನೂ ಹೇಳುತ್ತಿದ್ದೆ. ನಲವತ್ತು ದಾಟಿದ ಮೇಲೆ, ಕೆಲಸ ಮುಗಿಸಿ ಸಂಜೆ ಒಂದೂವರೆ ಗಂಟೆ ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು ಲಿಪಿ ಕಲಿಯೋದು ಅಂತ ತೀರ್ಮಾನ ಮಾಡಿದೆ. ಹೀಗೇ ಶುರು ಮಾಡಬೇಕು ಅನ್ನೋ ಯಾರಿಗಾದರೂ ಉಪಯೋಗಕ್ಕೆ ಬಂದೀತೆಂದು ಆ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ತೊಡಕು ಲಿಪಿಯದಲ್ಲ, ಸಂಪುಟದ್ದು. ಕನ್ನಡ ಶಾಸನ ಅಂದ ಕೂಡಲೇ ಎಲ್ಲರೂ ಹೇಳೋದು ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’. ಅದರ ಹನ್ನೆರಡು ಸಂಪುಟ ಹುಡುಕಿದರೂ ಹಂಪಿ, ಹೊಸಪೇಟೆ, ಕಂಪ್ಲಿಯ ಶಾಸನಗಳ ಪಾಠ ಸಿಗುವುದಿಲ್ಲ. ಕಾರಣ ಆಡಳಿತದ್ದು. ರೈಸ್ ಕೆಲಸ ಮಾಡಿದ್ದು ಮೈಸೂರು ಸಂಸ್ಥಾನ ಮತ್ತು ಕೊಡಗಿನಲ್ಲಿ. ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹಾಗಾಗಿ ನಮ್ಮ ಕಲ್ಲುಗಳು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಗೆ ಸೇರಿದವು. 4ನೆಯ ಸಂಪುಟದಲ್ಲಿ ಹಂಪಿಯವು ಕೆಲವಿವೆ. 9ನೆಯ ಸಂಪುಟವಂತೂ ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳದ್ದೇ. ಮೊದಲ ಭಾಗ 1939, ಎರಡನೆಯದು 1941. ವಿಜಯನಗರ ಕಾಲದವು ಎರಡನೆಯ ಭಾಗದಲ್ಲಿವೆ. ಸಂಡೂರಿನ ಕಥೆ ಇನ್ನೂ ಬೇರೆ. ಅದು ಘೋರ್ಪಡೆ ಮನೆತನದ ಪ್ರತ್ಯೇಕ ಸಂಸ್ಥಾನ, 1949ರಲ್ಲಿ ಮದ್ರಾಸಿಗೆ ಸೇರಿತು. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. ಕಲ್ಲು ಇದ್ದಲ್ಲೇ ಇದೆ, ಅದರ ಪುಸ್ತಕದ ವಿಳಾಸ ಮಾತ್ರ ಸರ್ಕಾರ ಬದಲಾದಂತೆ ಬದಲಾಗಿದೆ.

ಗ್ರಂಥಾಲಯದ ವಂಶಾವಳಿಯೂ ಹೀಗೇ ಎರಡು ಕವಲಿನದು. ಎಸ್.ಆರ್. ರಂಗನಾಥನ್ ಅವರ ಶ್ರಮದಿಂದ 1948ರಲ್ಲಿ ಬಂದ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಕಾಲಕ್ಕೆ ಹೊಸಪೇಟೆ ಮದ್ರಾಸಿನಲ್ಲೇ ಇತ್ತು. ಆಮೇಲೆ ನಮಗೆ ಅನ್ವಯವಾದದ್ದು ಇಲ್ಲಿನ 1965ರ ಕಾಯ್ದೆ. ಮನೆ ಕಂದಾಯ ಕಟ್ಟುವಾಗ ಅದರ ಮೇಲೆ ಶೇ. 6 ಗ್ರಂಥಾಲಯ ಕರ ಬರುತ್ತದಲ್ಲ, ಅದು ಈ ಕಾಯ್ದೆಯದ್ದು. ಅಂದ್ರೆ ಆ ಓದುಕೋಣೆಗೆ ದುಡ್ಡು ಕೊಟ್ಟವರು ನಾವೇ. ಒಳಗೆ ಹೋಗಲು ಸಂಕೋಚ ಪಡಬೇಕಾಗಿಲ್ಲ.

ಸಾರ್ವಜನಿಕ ಗ್ರಂಥಾಲಯದಲ್ಲಿ ಶಾಸನ ಸಂಪುಟಗಳ ಪೂರ್ತಿ ಸೆಟ್ ಇರುತ್ತೆ ಅಂತ ಹೋಗಬೇಡಿ. ನನಗೆ ಅಲ್ಲಿ ದಕ್ಕಿದ್ದು ಬೇರೆ: ಕೂತುಕೊಳ್ಳೋ ಜಾಗ, ಶಾಂತಿ, ಮತ್ತು ನಿಘಂಟುಗಳು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಮನೆಯಲ್ಲಿ ಇಟ್ಟುಕೊಳ್ಳುವ ಸಾಮಾನಲ್ಲ. ಶಾಸನದಲ್ಲಿ ಬರುವ ‘ಮಾನ್ಯ’, ‘ಸುಂಕ’, ‘ಅಮೃತಪಡಿ’, ‘ಚತುಸ್ಸೀಮೆ’ ಮುಂತಾದ ಪದಗಳ ಹಿಂದೆ ಬಿದ್ದರೆ ಆ ಎಂಟನ್ನೂ ತಿರುವಬೇಕಾಗುತ್ತದೆ. ಲಿಪಿಗೆ ದೇವರಕೊಂಡಾರೆಡ್ಡಿಯವರ ‘ಲಿಪಿಯ ಹುಟ್ಟು ಮತ್ತು ಬೆಳವಣಿಗೆ’ ಆಧಾರ. ಸಂಪುಟಗಳಿಗೆ ವಿದ್ಯಾರಣ್ಯದ ಕನ್ನಡ ವಿಶ್ವವಿದ್ಯಾಲಯ ಹತ್ತಿರವೇ ಇದೆ. ಬಳ್ಳಾರಿ ಜಿಲ್ಲೆಯ ಶಾಸನಗಳನ್ನು ಅವರೇ ಮತ್ತೆ ಸಂಪಾದಿಸಿ ಪ್ರಕಟಿಸಿದ್ದಾರೆ. ಹಳೆಯ ಸಂಪುಟಗಳ ಸ್ಕ್ಯಾನ್ ಪ್ರತಿ ಜಾಲದಲ್ಲೂ ಸಿಗುತ್ತವೆ.

ಕಲಿತ ಕ್ರಮ ಸರಳ. 9ನೆಯ ಸಂಪುಟದಲ್ಲಿ ಪಾಠ ಕನ್ನಡ ಅಕ್ಷರದಲ್ಲೇ ಅಚ್ಚಾಗಿದೆ. ಮೊದಲು ಕಲ್ಲಿನ ಫೋಟೋ ನೋಡಿ ನೋಟ್‌ಬುಕ್ಕಿನಲ್ಲಿ ಓದಿದಷ್ಟು ಬರೆಯೋದು, ತಿಳಿಯದ ಕಡೆ ಚುಕ್ಕಿ ಹಾಕೋದು, ಕೊನೆಗೆ ಪುಸ್ತಕ ತೆಗೆದು ಹೋಲಿಸೋದು. ಹೊಸಬರಿಗೆ ವಿಜಯನಗರ ಕಾಲವೇ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ. ಬಾದಾಮಿ ಚಾಳುಕ್ಯರದ್ದನ್ನು ಮೊದಲೇ ಹಿಡಿದವರು ಅರ್ಧಕ್ಕೆ ಬಿಟ್ಟದ್ದನ್ನು ನೋಡಿದ್ದೇನೆ. ವಿಜಯನಗರದ್ದು ಇಂದಿನ ಅಕ್ಷರಕ್ಕೆ ಹತ್ತಿರ. ಕಾಡುವುದು ಕೆಲವೇ: ಮ ಮತ್ತು ವ ಒಂದೇ ಥರ ಕಾಣುತ್ತವೆ, ಎ-ಏ, ಒ-ಓ ಹ್ರಸ್ವ ದೀರ್ಘಗಳ ಭೇದ ಲಿಪಿಯಲ್ಲಿ ಇಲ್ಲ, ಅರ್ಥದಿಂದ ತಿಳಿಯಬೇಕು. ಒಂದು ಸಂಜೆ, ಪಕ್ಕದಲ್ಲಿ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುತ್ತಿದ್ದ ಹುಡುಗ ನನ್ನ ಫೋಟೋ ಕಡೆ ಬಗ್ಗಿ, “ಅಣ್ಣಾ, ಇದು ತೆಲುಗೇನ್ರಿ?” ಅಂದ. ತಪ್ಪೇನಿಲ್ಲ, ಆ ಕಾಲಕ್ಕೆ ಕನ್ನಡ ತೆಲುಗು ಲಿಪಿಗಳ ನಡುವೆ ಅಂತರ ಬಹಳ ಕಡಿಮೆ. ‘ಸ್ವಸ್ತಿ’ ಅನ್ನೋದನ್ನು ಬೆರಳಿಟ್ಟು ತೋರಿಸಿದೆ. “ಓಹ್, ಕನ್ನಡಾನೇ!” ಅಂತ ಮುಂದಿನ ಮೂರು ಅಕ್ಷರ ತಾನೇ ಓದಿದ.

ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು ವಿರೂಪಾಕ್ಷ ಗುಡಿಯ ರಂಗಮಂಟಪದ ಬಳಿ ನಿಲ್ಲಿಸಿರುವ ಕೃಷ್ಣದೇವರಾಯನ ಕಲ್ಲು. ‘ಎಪಿಗ್ರಾಫಿಯಾ ಇಂಡಿಕಾ’ದ ಮೊದಲನೆಯ ಸಂಪುಟದಲ್ಲಿ ಹುಲ್ಟ್ಸ್ ಸಂಪಾದಿಸಿದ್ದಾರೆ. ಬಾಣಭಟ್ಟನ ಶಿವಸ್ತುತಿಯಿಂದ ಶುರು, ಸಂಸ್ಕೃತ ಶ್ಲೋಕಗಳು, ಆಮೇಲೆ ಕನ್ನಡ ಗದ್ಯ. ಪಟ್ಟಾಭಿಷೇಕೋತ್ಸವದ ಪುಣ್ಯಕಾಲದಲ್ಲಿ ಸಿಂಗನಾಯಕನಹಳ್ಳಿಯನ್ನು ದೇವರ ನೈವೇದ್ಯಕ್ಕೆ ಬಿಟ್ಟದ್ದು, ರಂಗಮಂಟಪ ಮತ್ತು ಗೋಪುರ ಕಟ್ಟಿಸಿದ್ದು, ಅದರ ಮುಂದಿನ ಗೋಪುರದ ಜೀರ್ಣೋದ್ಧಾರ ಮಾಡಿಸಿದ್ದು ಅದರಲ್ಲಿದೆ.

ಕಷ್ಟ ಇರೋದು ತಿಥಿಯಲ್ಲಿ. ಶಕವರ್ಷ 1430 ಸಂದು, ಶುಕ್ಲ ಸಂವತ್ಸರ, ಮಾಘ ಶುದ್ಧ 14. ಗತ ಶಕಕ್ಕೆ 78 ಕೂಡಿಸಿದರೆ 1508-09. ಆದರೆ ಆ ವರ್ಷ ವಿಭವ ಸಂವತ್ಸರ. ಶುಕ್ಲ ಬರೋದು ಅದರ ಮುಂದಿನ 1509-10ಕ್ಕೆ. ಅಂಕಿಯನ್ನು ನಂಬಿದರೆ 1509ರ ಫೆಬ್ರವರಿ ಮೊದಲ ದಿನಗಳು. ಸಂವತ್ಸರದ ಹೆಸರನ್ನು ನಂಬಿದರೆ 1510ರ ಜನವರಿ ಕೊನೆಯ ವಾರ. ಸ್ವಾಮಿಕಣ್ಣು ಪಿಳ್ಳೆಯವರ ‘ಇಂಡಿಯನ್ ಎಫಿಮೆರಿಸ್’ ಕೋಷ್ಟಕ ಇಟ್ಟುಕೊಂಡು ನಾಲ್ಕು ಸಂಜೆ ಲೆಕ್ಕ ಹಾಕಿದೆ. ಒಬ್ಬ ದೊರೆಯ ಪಟ್ಟದ ಕಾಲವೇ ಒಂದು ವರ್ಷ ಹಿಂದೆ ಮುಂದೆ ಆಗುತ್ತದಲ್ಲ, ಅದಕ್ಕೇ ವಿದ್ವಾಂಸರಲ್ಲೂ ಇದರ ಚರ್ಚೆ ನಡೆದಿದೆ. ನಾನು ಹೆಸರಿನ ಕಡೆ. ಜನ ವ್ಯವಹಾರದಲ್ಲಿ ದಿನಾ ಹೇಳುತ್ತಿದ್ದದ್ದು ಸಂವತ್ಸರದ ಹೆಸರು. ಶಕದ ಅಂಕಿ ಗತವೋ ವರ್ತಮಾನವೋ ಅನ್ನೋದರಲ್ಲಿ ಶಾಸನ ಬರೆಯುವವರು ಒಂದು ವರ್ಷ ಆಚೀಚೆ ಆಗೋದು ಹಲವು ಕಡೆ ಕಾಣುತ್ತದೆ. ಹಾಗಂತ ರಾಯ ಆಳಲು ಶುರು ಮಾಡಿದ್ದೇ ಆ ದಿನ ಅಂತ ಅರ್ಥವಲ್ಲ, ಕಲ್ಲು ಹೇಳುವುದು ಉತ್ಸವದ ಮಾತು.

ಕಂಪ್ಲಿಗೆ ಹೋದಾಗ ಓದಿನ ಬೆಲೆ ಇನ್ನೊಂದು ರೀತಿ ತಿಳಿಯಿತು. ಅಲ್ಲಿನ ಚಾಳುಕ್ಯರ ಅರಮನೆಯನ್ನು ರಾಜಾಧಿರಾಜ ಚೋಳ ನಾಶ ಮಾಡಿದ ಸುದ್ದಿ ಚೋಳರ ತಮಿಳು ಶಾಸನಗಳಲ್ಲಿದೆ. ಊರಲ್ಲೇ ಕೇಳಿದರೆ ಎಲ್ಲ ಮಾತೂ ಕುಮಾರರಾಮನ ಕಡೆಗೇ ಹೋಗುತ್ತದೆ. ಅರಮನೆಯ ಸುದ್ದಿಗೆ ತಮಿಳು ಸಂಪುಟವನ್ನೇ ತೆರೆಯಬೇಕು.

ಈಗ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ತಿಂಗಳಿಗೊಂದು ‘ಹೊಸ ಶಾಸನ ಪತ್ತೆ’ ಬರುತ್ತದೆ. ಹುಡುಕಿದರೆ ಅದರಲ್ಲಿ ಕೆಲವು 1941ರಲ್ಲೇ ಅಚ್ಚಾದವು. ನಗುವ ವಿಷಯವಲ್ಲ. ನಿಜವಾಗಿ ಅಪ್ರಕಟಿತವಾದ ಕಲ್ಲು ಹೊಲದ ಬದುವಿನಲ್ಲಿ, ಗುಡಿಯ ಮೆಟ್ಟಿಲಿನಲ್ಲಿ ಇರುತ್ತದೆ. ಅದರ ಮೇಲೆ ಎಣ್ಣೆ ಬಣ್ಣ ಬಳಿಯುವ ಮೊದಲು ಇದು ಪ್ರಕಟವೋ ಅಲ್ಲವೋ ಅಂತ ಹೇಳಬಲ್ಲವರು ಊರಿಗೊಬ್ಬರಾದರೂ ಬೇಕು. ಹೋದ ಮಳೆಗಾಲದಲ್ಲಿ ಸಂಡೂರು ಕಡೆಯ ಒಂದು ಹಳ್ಳಿಯಲ್ಲಿ ಗುಡಿಗೆ ಬಣ್ಣ ಹೊಡೆಸಲು ಹೊರಟವರು ನನ್ನನ್ನು ಕರೆದರು. ಬಾಗಿಲ ಪಕ್ಕದ ಕಲ್ಲಿನಲ್ಲಿ ಹನ್ನೊಂದು ಸಾಲು. ಕೊನೆಯ ಮೂರು ಸವೆದಿವೆ. ಎರಡು ಭಾನುವಾರ ಸಂಪುಟಗಳ ಊರಿನ ಸೂಚಿ ನೋಡಿದೆ, ವಾರ್ಷಿಕ ವರದಿಗಳನ್ನೂ ನೋಡಿದೆ, ನನಗೆ ಕಾಣಲಿಲ್ಲ. ಫೋಟೋಗಳನ್ನು ತಿಳಿದವರಿಗೆ ಕಳಿಸಿದ್ದೇನೆ. ಅವರ ಉತ್ತರ ಬರುವವರೆಗೆ ಆ ಕಲ್ಲಿಗೆ ಬಣ್ಣ ಹಚ್ಚುವುದಿಲ್ಲ ಅಂತ ಊರ ಹಿರಿಯರು ಮಾತು ಕೊಟ್ಟಿದ್ದಾರೆ. ನಾಲ್ಕನೆಯ ಸಾಲಿನಲ್ಲಿ ನಾನು ‘ಕೆರೆ’ ಅಂತ ಓದಿದ ಪದ ಸರಿಯಾಗಿದ್ದರೆ, ಗುಡಿಯ ಹಿಂದಿನ ತಗ್ಗಿನ ಹೊಲಕ್ಕೆ ಅಲ್ಲಿನವರು ಇನ್ನೂ ಕೆರೆ ಹೊಲ ಅಂತಲೇ ಅನ್ನುತ್ತಾರೆ.