ಒಂದು ಗರ, ಎರಡು ಚರ: ಪ್ರೌಢಶಾಲೆಯಲ್ಲಿ ಯಾದೃಚ್ಛಿಕ ಚರ ಮತ್ತು ಸಂಭವನೀಯತಾ ವಿತರಣೆಯ ಬೋಧನೆ

ಸಾರಾಂಶ

ಯಾದೃಚ್ಛಿಕ ಚರದ ಪರಿಕಲ್ಪನೆಯಲ್ಲಿ ಮೂರು ಸಂಗತಿಗಳು ಹೆಣೆದುಕೊಂಡಿವೆ: ಪ್ರಯೋಗದ ಫಲಿತ, ಆ ಫಲಿತಕ್ಕೆ ನಾವು ಕೊಡುವ ಸಂಖ್ಯೆ, ಆ ಸಂಖ್ಯೆ ಬರುವ ಸಂಭವನೀಯತೆ. ಇವನ್ನು ಬಿಡಿಬಿಡಿಯಾಗಿ ತೋರಿಸದಿದ್ದರೆ ವಿತರಣೆಯ ಕೋಷ್ಟಕ ಬರೀ ಬಾಯಿಪಾಠವಾಗುತ್ತದೆ. ಚೌಕಾಬಾರದ ಗರವನ್ನು ವಿಶ್ಲೇಷಿಸುವ ಈ ಲೇಖನ, ಸೂತ್ರಕ್ಕೆ ಮೊದಲೇ, ಪ್ರೌಢಶಾಲೆಯ ಹಂತದಲ್ಲಿಯೇ ಈ ಭೇದವನ್ನು ಮನಗಾಣಿಸಬಹುದು ಎಂದು ವಾದಿಸುತ್ತದೆ.

1. ಸಮಸ್ಯೆಯ ಸ್ವರೂಪ

ಹತ್ತನೆಯ ತರಗತಿಯ ಸಂಭವನೀಯತೆಯ ಪಾಠ ಬಹುಮಟ್ಟಿಗೆ ಎಣಿಕೆಯ ಪಾಠ. ಫಲಿತಗಳೆಲ್ಲ ಸಮಸಂಭವನೀಯ ಎಂದು ಒಪ್ಪಿಕೊಂಡು, ಅನುಕೂಲ ಫಲಿತಗಳ ಸಂಖ್ಯೆಯನ್ನು ಒಟ್ಟು ಫಲಿತಗಳ ಸಂಖ್ಯೆಯಿಂದ ಭಾಗಿಸಿದರೆ ಉತ್ತರ ದೊರೆಯುತ್ತದೆ. ಮುಂದೆ ಪದವಿಪೂರ್ವ ಹಂತದಲ್ಲಿ ಯಾದೃಚ್ಛಿಕ ಚರ ಎದುರಾಗುವುದು ವ್ಯಾಖ್ಯೆಯ ರೂಪದಲ್ಲಿ: ಫಲಿತ ಗಣದಿಂದ ವಾಸ್ತವ ಸಂಖ್ಯೆಗಳಿಗೆ ಹೋಗುವ ಫಲನ. ಸಮೀಕರಣದಲ್ಲಿ x ಬಿಡಿಸಿ ಅಭ್ಯಾಸವಾದ ವಿದ್ಯಾರ್ಥಿಗೆ, ಬಿಡಿಸಲು ಏನೂ ಇಲ್ಲದ ಈ X ಅಪರಿಚಿತವಾಗಿಯೇ ಉಳಿಯುತ್ತದೆ.

ಇನ್ನೂ ಆಳದ ತೊಡಕೊಂದಿದೆ. ಎಣಿಸಿ ಭಾಗಿಸುವ ರೂಢಿ ಬಲಿತವರು ಚರದ ಬೆಲೆಗಳನ್ನೂ ಸಮಸಂಭವನೀಯ ಎಂದೇ ಭಾವಿಸುತ್ತಾರೆ. ಇದು ದಡ್ಡತನವಲ್ಲ. ಫ್ರಾನ್ಸಿನ ಹೆಸರಾಂತ ಗಣಿತಜ್ಞ ದಾಲಾಂಬೇರ್ 1754ರಲ್ಲಿ ಫ್ರೆಂಚ್ ವಿಶ್ವಕೋಶಕ್ಕೆ ಬರೆದ ಲೇಖನದಲ್ಲಿ ಇದೇ ಜಾಡು ಹಿಡಿದಿದ್ದ. ನಾಣ್ಯವನ್ನು ಎರಡು ಬಾರಿ ಚಿಮ್ಮುವಾಗ ಒಮ್ಮೆಯಾದರೂ ಶಿರ ಬೀಳುವ ಸಂಭವನೀಯತೆ ಎಷ್ಟು? ಮೊದಲೇ ಶಿರ ಬಿದ್ದರೆ ಆಟ ಮುಗಿಯಿತು. ಹಾಗಾಗಿ ಉಳಿಯುವುದು ಮೂರೇ ಸಂದರ್ಭಗಳು, ಉತ್ತರ 2/3 ಎಂದು ಅವನು ವಾದಿಸಿದ. ಸರಿಯಾದ ಉತ್ತರ 3/4. ಆ ಮೂರು ಸಂದರ್ಭಗಳ ತೂಕ ಒಂದೇ ಅಲ್ಲ. ಮೊದಲನೆಯದಕ್ಕೆ 1/2, ಉಳಿದೆರಡಕ್ಕೆ ತಲಾ 1/4.

2. ಇತಿಹಾಸದ ಕ್ರಮ

ಪರಿಕಲ್ಪನೆಗಳು ಹುಟ್ಟಿದ ಕ್ರಮ ಬೋಧನೆಯ ಕ್ರಮಕ್ಕೆ ತಿರುವುಮುರುವು. ಪಾಸ್ಕಲ್ ಮತ್ತು ಫರ್ಮಾ 1654ರಲ್ಲಿ ಪತ್ರಗಳ ಮೂಲಕ ಚರ್ಚಿಸಿದ್ದು, ನಡುವೆ ನಿಂತುಹೋದ ಆಟದ ಪಣವನ್ನು ನ್ಯಾಯವಾಗಿ ಹಂಚುವುದು ಹೇಗೆ ಎಂಬ ಪ್ರಶ್ನೆಯನ್ನು. 1657ರಲ್ಲಿ ಹೈಗೆನ್ಸ್ ಪ್ರಕಟಿಸಿದ ಗ್ರಂಥದ ಕೇಂದ್ರದಲ್ಲಿದ್ದುದೂ ಆಟದ ಬೆಲೆ, ಅಂದರೆ ಇಂದಿನ ನಿರೀಕ್ಷಿತ ಮೌಲ್ಯ. ಪ್ರಯೋಗಗಳು ಹೆಚ್ಚಿದಂತೆ ಸಾಪೇಕ್ಷ ಆವೃತ್ತಿ ಸಂಭವನೀಯತೆಯ ಸಮೀಪಕ್ಕೆ ಬರುತ್ತದೆ ಎಂಬ ಯಾಕೋಬ್ ಬರ್ನೂಲಿಯ ಪ್ರಮೇಯ, ಅವನು ತೀರಿಕೊಂಡ ಮೇಲೆ 1713ರಲ್ಲಿ ಬೆಳಕು ಕಂಡಿತು. ಸಂಭವನೀಯತೆಗೆ ಸ್ವಯಂಸಿದ್ಧಗಳ ತಳಹದಿ ಹಾಕಿ, ಯಾದೃಚ್ಛಿಕ ಚರವನ್ನು ಆ ಚೌಕಟ್ಟಿನೊಳಗೆ ಫಲನವೆಂದು ಖಚಿತವಾಗಿ ನಿರೂಪಿಸಿದ್ದು ಕೊಲ್ಮೊಗೊರೊವ್, 1933ರಲ್ಲಿ. ಸುಮಾರು ಮೂರು ಶತಮಾನಗಳ ಚಿಂತನೆಯ ಕೊನೆಯಲ್ಲಿ ದೊರೆತ ವ್ಯಾಖ್ಯೆಯನ್ನು ನಾವು ಮೊದಲ ದಿನವೇ ಹಲಗೆಯ ಮೇಲೆ ಬರೆಯುತ್ತಿದ್ದೇವೆ.

3. ಚೌಕಾಬಾರದ ಗರ

ಚೌಕಾಬಾರದಲ್ಲಿ ನಾಲ್ಕು ಕವಡೆ ಎಸೆದು, ಅಂಗಾತ ಬಿದ್ದವನ್ನು ಎಣಿಸುತ್ತಾರೆ. ಒಂದು, ಎರಡು, ಮೂರು ಅಂಗಾತವಾದರೆ ಅಷ್ಟೇ ಮನೆ ನಡೆಯಬೇಕು. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕು ಮನೆ. ನಾಲ್ಕೂ ಬೋರಲಾದರೆ ಬಾರಾ, ಎಂಟು ಮನೆ.

ಇಲ್ಲಿ ಒಂದೇ ಪ್ರಯೋಗದ ಮೇಲೆ ಎರಡು ಯಾದೃಚ್ಛಿಕ ಚರಗಳಿವೆ. ಅಂಗಾತ ಬಿದ್ದ ಕವಡೆಗಳ ಸಂಖ್ಯೆ Y. ಕಾಯಿ ನಡೆಯಬೇಕಾದ ಮನೆಗಳ ಸಂಖ್ಯೆ X. ನಾಲ್ಕೂ ಬೋರಲು ಬಿದ್ದಾಗ ಮಾತ್ರ ಇವು ಬೇರೆಯಾಗುತ್ತವೆ: Y ಸೊನ್ನೆ, X ಎಂಟು. ಈ ಎಂಟು ಕವಡೆಯಲ್ಲಿ ಎಲ್ಲಿಯೂ ಇಲ್ಲ; ಆಡುವವರ ಕಟ್ಟಳೆಯಲ್ಲಿದೆ. ಚರವೆಂಬುದು ಫಲಿತಕ್ಕೆ ಸಂಖ್ಯೆ ಕೊಡುವ ನಿಯಮ ಎಂಬುದನ್ನು ದಾಳದಲ್ಲಿ ಇಷ್ಟು ನಿಚ್ಚಳವಾಗಿ ತೋರಿಸಲಾಗದು, ಏಕೆಂದರೆ ದಾಳದ ಮುಖದ ಮೇಲೆ ಸಂಖ್ಯೆ ಮೊದಲೇ ಕೊರೆದಿರುತ್ತದೆ.

ಮುಂದಿನ ಹೆಜ್ಜೆ ಪಟ್ಟಿ ಮಾಡುವುದು. ಪ್ರತಿ ಕವಡೆ ಅಂಗಾತವೋ ಬೋರಲೋ ಆಗುವುದರಿಂದ ಒಟ್ಟು 16 ಫಲಿತಗಳು. ಎರಡೂ ಬಗೆ ಸಮಸಂಭವನೀಯವೆಂದು ಸದ್ಯಕ್ಕೆ ಒಪ್ಪಿದರೆ, X ಕ್ರಮವಾಗಿ 1, 2, 3, 4, 8 ಆಗುವ ಸಂಭವನೀಯತೆಗಳು 4/16, 6/16, 4/16, 1/16, 1/16. ಬೆಲೆಗಳು ಐದು ಎಂದು ಪ್ರತಿಯೊಂದಕ್ಕೂ 1/5 ಕೊಟ್ಟ ವಿದ್ಯಾರ್ಥಿಗೆ ಈ ಪಟ್ಟಿಯೇ ಉತ್ತರ: ಎರಡು ಬೀಳಲು ಆರು ದಾರಿ, ಚೌಕ ಬೀಳಲು ಒಂದೇ ದಾರಿ. ಒಟ್ಟು ಸಂಭವನೀಯತೆಯಾದ 1, ಬೆಲೆಗಳ ನಡುವೆ ಹಂಚಿಹೋಗಿರುವ ಬಗೆಯೇ ವಿತರಣೆ.

4. ನಿರೀಕ್ಷಿತ ಮೌಲ್ಯ

ಪ್ರತಿ ಬೆಲೆಯನ್ನು ಅದರ ಸಂಭವನೀಯತೆಯಿಂದ ಗುಣಿಸಿ ಕೂಡಿದರೆ X ನ ನಿರೀಕ್ಷಿತ ಮೌಲ್ಯ 40/16, ಅಂದರೆ 2.5. Y ಗೆ ಅದು 2. ಕವಡೆ, ಎಸೆತ, ಸಂಭವನೀಯತೆ ಯಾವುದೂ ಬದಲಾಗಿಲ್ಲ. ಹೆಚ್ಚಿದ ಅರ್ಧ ಮನೆ ಬಂದದ್ದು ಬಾರಾದ ನಿಯಮವೊಂದರಿಂದ: 8 × 1/16.

ಎರಡೂವರೆ ಮನೆಯ ಗರ ಎಂದೂ ಬೀಳುವುದಿಲ್ಲ. ಆದ್ದರಿಂದ ನಿರೀಕ್ಷಿತ ಮೌಲ್ಯವನ್ನು ಮುಂದಿನ ಗರದ ಭವಿಷ್ಯವೆಂದು ಓದುವಂತಿಲ್ಲ. ಅದು ದೀರ್ಘಾವಧಿಯ ಸರಾಸರಿ. ಚೌಕ ಅಥವಾ ಬಾರಾ ಬಿದ್ದವರಿಗೆ ಮತ್ತೊಂದು ಗರ ಎಂಬ ಕಟ್ಟಳೆಯನ್ನು ಸೇರಿಸಿದರೆ, ಮರುಗರಕ್ಕೆ ಮಿತಿಯಿಲ್ಲದಿರುವಾಗ, ಒಂದು ಸರದಿಯ ಸರಾಸರಿ ನಡೆ 2.5 ÷ 7/8, ಸುಮಾರು 2.86 ಮನೆ. ಇದನ್ನು ಗುಣೋತ್ತರ ಶ್ರೇಢಿ ಕಲಿತವರಿಗೆ ಒಡ್ಡಬಹುದು.

5. ಕವಡೆಯ ಓರೆ

ಕವಡೆಯ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಅದರ ಎರಡು ಬಗೆ ಸಮಸಂಭವನೀಯವೆಂದು ನಂಬಲು ಆಧಾರವಿಲ್ಲ. ಈ ಸಂದೇಹವನ್ನು ತರಗತಿ ಮರೆಮಾಚಬಾರದು. ಸಂಖ್ಯಾಶಾಸ್ತ್ರ ಆರಂಭವಾಗುವುದೇ ಇಲ್ಲಿಂದ. ಅಂಗಾತವಾಗುವ ಸಂಭವನೀಯತೆ 0.4 ಎಂದು ಊಹಿಸಿ ನೋಡೋಣ. ಆಗ ಬಾರಾದ ಸಂಭವನೀಯತೆ 0.1296, ಚೌಕದ್ದು 0.0256. ಅರ್ಧದಿಂದ ಇಷ್ಟೇ ಸರಿದರೂ ಬಾರಾ ಚೌಕಕ್ಕಿಂತ ಐದು ಪಟ್ಟು ಹೆಚ್ಚಾಗಿ ಬೀಳುತ್ತದೆ.

ಇದು ಎಸೆದು ಪರೀಕ್ಷಿಸಬಹುದಾದ ಮಾತು. ಮೂವತ್ತು ಮಕ್ಕಳು ಇಪ್ಪತ್ತು ಗರಗಳಂತೆ ಹಾಕಿದರೆ 600 ಗರ, 2,400 ಕವಡೆ ಎಸೆತಗಳ ದಾಖಲೆ ಸಿಗುತ್ತದೆ. ಒಬ್ಬೊಬ್ಬರ ಇಪ್ಪತ್ತು ಗರಗಳ ಸ್ತಂಭಾಲೇಖಗಳು ಒಂದಕ್ಕೊಂದು ಹೋಲುವುದಿಲ್ಲ; ಎಲ್ಲವನ್ನೂ ಕೂಡಿಸಿದಾಗ ಆಕಾರ ಸ್ಥಿರವಾಗತೊಡಗುತ್ತದೆ. ಬರ್ನೂಲಿಯ ಪ್ರಮೇಯ ಹೇಳುವುದು ಇದನ್ನೇ. ಒಂದು ಬದಿ ತೇಯ್ದ ಹುಣಸೆ ಬೀಜಗಳಿಂದ ಇದೇ ಪ್ರಯೋಗ ನಡೆಸಿದರೆ ಚರದ ನಿಯಮ ಹಾಗೆಯೇ ಉಳಿದು, ವಿತರಣೆ ಬೇರೆಯಾಗಬಹುದು.

ಈ ಮಾದರಿಗೆ ಮಿತಿಗಳಿವೆ. ಒಂದೊಂದು ಕವಡೆಯ ಓರೆಯೂ ಬೇರೆಯಿದ್ದರೆ ನಾಲ್ಕಕ್ಕೂ ಒಂದೇ ಸಂಭವನೀಯತೆ ಇಟ್ಟ ದ್ವಿಪದ ವಿತರಣೆ ಅಂದಾಜು ಮಾತ್ರ. ಎತ್ತರ, ತೂಕದಂಥ ಅವಿಚ್ಛಿನ್ನ ಚರಗಳಿಗೆ ಈ ಆಟ ದಾರಿ ತೋರಿಸದು.

6. ಉಪಸಂಹಾರ

ಬೋಧನೆಯ ಕ್ರಮ ಹೀಗಿರಲಿ: ಮೊದಲು ಫಲಿತಗಳ ಪಟ್ಟಿ, ಬಳಿಕ ಸಂಖ್ಯೆ ಕೊಡುವ ನಿಯಮ, ಅನಂತರ ಹಂಚಿಕೆ, ಆಮೇಲೆ ಸರಾಸರಿ, ವ್ಯಾಖ್ಯೆ ಮತ್ತು ಸಂಕೇತ ಕೊನೆಗೆ. ಮೌಲ್ಯಮಾಪನಕ್ಕೂ ಲೆಕ್ಕ ಮಾಡಿಸುವುದಷ್ಟೇ ಸಾಲದು. ಬಾರಾಕ್ಕೆ ಎಂಟರ ಬದಲು ಹನ್ನೆರಡು ಮನೆ ಕೊಟ್ಟರೆ ಕೋಷ್ಟಕದ ಯಾವ ಸಾಲು ಬದಲಾಗುತ್ತದೆ, ಕವಡೆಯ ಬದಲು ಹುಣಸೆ ಬೀಜ ತಂದರೆ ಯಾವುದು ಎಂದು ಕೇಳಬೇಕು. ಮೊದಲನೆಯದಕ್ಕೆ ಬೆಲೆಗಳ ಸಾಲನ್ನೂ ಎರಡನೆಯದಕ್ಕೆ ಸಂಭವನೀಯತೆಗಳ ಸಾಲನ್ನೂ ಕಾರಣಸಹಿತ ತೋರಿಸಬಲ್ಲ ವಿದ್ಯಾರ್ಥಿ, ಫಲನ ಎಂಬ ಹೆಸರು ಕೇಳುವ ಮೊದಲೇ ಯಾದೃಚ್ಛಿಕ ಚರವನ್ನು ಅರಿತಿದ್ದಾನೆ.